ಪ್ರೋಟೀನಿನ ಆಕಾರ ಕಂಡುಹಿಡಿಯುವ ವಿದ್ಯೆ: ಕಲಬುರಗಿ ಕಡೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಂ.ಎಸ್ಸಿ. ಓದಿದ್ದು ಕಲಬುರಗಿಯಲ್ಲಿ. ಆಮೇಲೆ ಹತ್ತು ವರ್ಷ ಬೇರೆ ಊರಿನ ಲ್ಯಾಬುಗಳಲ್ಲಿ ಪ್ರೋಟೀನಿನ ಹರಳು ಬೆಳೆಸುವ ಕೆಲಸ ಮಾಡಿದೆ. ಈಗ ಊರಿಗೆ ವಾಪಸ್ ಬಂದಿದ್ದೇನೆ. ಭಾನುವಾರ ಬಂತೆಂದರೆ ನಾಲ್ಕಾರು ಜನ ಬಿ.ಎಸ್ಸಿ., ಎಂ.ಎಸ್ಸಿ. ಮಕ್ಕಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬೀದರ್, ಸೇಡಂ, ಯಾದಗಿರಿಯಿಂದ ಫೋನೂ ಬರುತ್ತವೆ. ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಿ.

ಪ್ರೋಟೀನ್ ಅಂದ್ರೆ ಬೇಳೆಯಲ್ಲಿ ಇರೋದು ತಾನೆ? ಅದಕ್ಕೆ ಆಕಾರ ಅಂತ ಬೇರೆ ಇರುತ್ತಾ?

ಹೌದು, ಬೇಳೆಯಲ್ಲಿ ಇರುವುದೇ. ಆದರೆ ಪ್ರೋಟೀನ್ ಅನ್ನುವ ಒಂದೇ ಹೆಸರಿನಲ್ಲಿ ನಾವು ಕರೆಯುವುದು ಸಾವಿರಾರು ಬೇರೆ ಬೇರೆ ಅಣುಗಳನ್ನು. ಪ್ರತಿಯೊಂದೂ 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರ. ಆ ಸರ ಸುಮ್ನೆ ಜೋತುಬಿದ್ದಿರುವುದಿಲ್ಲ. ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಒಂದು ಗೊತ್ತಾದ ಆಕಾರಕ್ಕೆ ಬರುತ್ತದೆ. ಕೆಲಸ ನಡೆಯುವುದು ಆ ಆಕಾರದಿಂದ.

ತತ್ತಿ ಒಡೆದು ಕಾದ ಹಂಚಿಗೆ ಹಾಕಿ ನೋಡಿ. ಪಾರದರ್ಶಕವಾಗಿದ್ದ ಲೋಳೆ ಕಣ್ಣೆದುರೇ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಮಣಿಗಳು ಅವೇ, ಪೋಣಿಸಿದ ಕ್ರಮವೂ ಅದೇ, ಮಡಿಕೆ ಮಾತ್ರ ಬಿಚ್ಚಿಹೋಗಿದೆ. ಇನ್ನೊಂದು ಉದಾಹರಣೆ ರಕ್ತದ್ದು. ಹಿಮೋಗ್ಲೋಬಿನ್‌ನ ಬೀಟಾ ಸರದಲ್ಲಿ 146 ಮಣಿ ಇವೆ. ಅದರಲ್ಲಿ ಆರನೆಯದು ಮಾತ್ರ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಆದರೆ ಸಿಕಲ್ ಸೆಲ್ ಕಾಯಿಲೆ ಬರುತ್ತದೆ. ಒಂದೇ ಮಣಿಯಿಂದ ಹೀಗೆ ಯಾಕಾಗುತ್ತದೆ ಅಂತ ಸರದ ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ಆಕಾರ ಕಂಡುಹಿಡಿದ ಮೇಲೆ ತಿಳಿಯಿತು. ಆ ವ್ಯಾಲಿನ್ ಹೊರಮೈ ಮೇಲೆ ಕೂತಿರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಪಕ್ಕದ ಹಿಮೋಗ್ಲೋಬಿನ್‌ನ ಒಂದು ತಗ್ಗಿನೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಾಗೆ ಒಂದಕ್ಕೊಂದು ಅಂಟಿ ಉದ್ದ ಹಗ್ಗವಾಗಿ ರಕ್ತಕಣವನ್ನೇ ಕುಡಗೋಲಿನ ಹಾಗೆ ಬಗ್ಗಿಸಿಬಿಡುತ್ತದೆ.

ಒಳ್ಳೆ ಮೈಕ್ರೋಸ್ಕೋಪ್ ಇದ್ದರೆ ನೇರವಾಗಿ ನೋಡೋಕೆ ಆಗಲ್ವಾ?

ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಆಗುವುದಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಅಲೆ 400ರಿಂದ 700 ನ್ಯಾನೋಮೀಟರ್ ಉದ್ದ. ಪಕ್ಕ ಪಕ್ಕದ ಎರಡು ಕಾರ್ಬನ್ ಪರಮಾಣುಗಳ ನಡುವಿನ ದೂರ ಸುಮಾರು 0.15 ನ್ಯಾನೋಮೀಟರ್. ನಮ್ಮ ಕಸುಬಿನಲ್ಲಿ ಇದನ್ನು 1.5 ಆಂಗ್‌ಸ್ಟ್ರಮ್ ಅನ್ನುತ್ತಾರೆ. ದಪ್ಪ ಕೈಗವಸು ಹಾಕಿಕೊಂಡು ರವೆಯ ಕಾಳು ಮುಟ್ಟಿ ಎಣಿಸಲು ಆಗುತ್ತದೆಯೇ? ಅಲೆ ಸಣ್ಣದಾಗಬೇಕು. ತಾಮ್ರದಿಂದ ಹೊರಡುವ ಎಕ್ಸ್-ರೇ ಅಲೆ 1.54 ಆಂಗ್‌ಸ್ಟ್ರಮ್, ಹೆಚ್ಚು ಕಡಿಮೆ ಕಾರ್ಬನ್ ಬಂಧದಷ್ಟೇ ಉದ್ದ. ಅಳತೆ ಸರಿಹೋಯಿತು. ಆದರೆ ಪರಮಾಣು ತೋರಿಸುವಷ್ಟು ಚೆನ್ನಾಗಿ ಎಕ್ಸ್-ರೇಯನ್ನು ಬಗ್ಗಿಸಿ ಚಿತ್ರ ಮೂಡಿಸುವ ಲೆನ್ಸ್ ಇಲ್ಲ. ಹಾಗಾಗಿ ಚದುರಿದ ಕಿರಣಗಳನ್ನು ಹಿಡಿದು, ಲೆನ್ಸ್ ಮಾಡಬೇಕಾದ ಕೆಲಸವನ್ನು ಲೆಕ್ಕದಿಂದ ಮಾಡುತ್ತಾರೆ. ಇಡೀ ಕ್ರಿಸ್ಟಲೋಗ್ರಫಿ ಅಂದರೆ ಇದೇ.

ಅದಕ್ಕೆ ಹರಳು ಯಾಕೆ ಬೇಕು? ಒಂದೇ ಅಣು ಸಾಲದಾ?

ಒಂದು ಅಣು ಚದುರಿಸುವ ಕಿರಣ ತೀರಾ ಕಡಿಮೆ. ಅಷ್ಟನ್ನು ಹಿಡಿಯುವ ಮೊದಲೇ ಎಕ್ಸ್-ರೇ ಹೊಡೆತಕ್ಕೆ ಆ ಅಣುವೇ ಹಾಳಾಗಿರುತ್ತದೆ. ಹರಳಿನಲ್ಲಿ ಒಂದೇ ಬಗೆಯ ಅಣುಗಳು ಒಂದೇ ದಿಕ್ಕಿಗೆ ಮುಖಮಾಡಿ ಸಾಲಾಗಿ ನಿಂತಿರುತ್ತವೆ. ತತ್ತಿಯ ಬಿಳಿಯಲ್ಲಿ ಲೈಸೋಜೈಮ್ ಅನ್ನುವ ಪ್ರೋಟೀನ್ ಇದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಅದರ ಹರಳಿನಲ್ಲಿ ಎಷ್ಟು ಅಣು ಇರುತ್ತವೆ ಅಂತ ನಾನೊಮ್ಮೆ ಮಕ್ಕಳ ಹತ್ತಿರವೇ ಲೆಕ್ಕ ಹಾಕಿಸಿದೆ. 30 ಲಕ್ಷ ಕೋಟಿಗೂ ಜಾಸ್ತಿ ಬಂತು. ಎಲ್ಲವೂ ಒಟ್ಟಿಗೆ ಒಂದೇ ಮಾತು ಹೇಳಿದರೆ ದನಿ ಕೇಳಿಸುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಕತ್ತಲಾದ ಮೇಲೆ ಫೋನಿನ ಟಾರ್ಚ್ ಹಚ್ಚಿ ದೂರದಲ್ಲಿಡಿ, ಇಲ್ಲವೇ ಬೀದಿದೀಪ ನೋಡಿ. ಕಣ್ಣಿನ ಮುಂದೆ ತೆಳುವಾದ ಓಢಣಿಯನ್ನು ಬಿಗಿಯಾಗಿ ಹಿಡಿಯಿರಿ. ದೀಪದ ಸುತ್ತ ನಾಲ್ಕೂ ಕಡೆ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಬಟ್ಟೆ ತಿರುಗಿಸಿದರೆ ಚುಕ್ಕೆಗಳೂ ತಿರುಗುತ್ತವೆ. ಇನ್ನೂ ನವುರಾದ ನೇಯ್ಗೆಯ ಬಟ್ಟೆ ಹಿಡಿದರೆ ಚುಕ್ಕೆಗಳು ದೂರ ದೂರ ಸರಿಯುತ್ತವೆ. ಅಂದರೆ ಎಳೆಗಳು ಹತ್ತಿರವಾದಷ್ಟೂ ಚುಕ್ಕೆಗಳು ದೂರ. ಬಟ್ಟೆಯನ್ನು ಮುಟ್ಟದೆಯೇ ಚುಕ್ಕೆ ಅಳೆದು ಎಳೆಗಳ ನಡುವಿನ ದೂರ ಹೇಳಬಹುದು. ಲಾವೆ 1912ರಲ್ಲಿ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ ನೋಡಿದ್ದು ಇಂಥ ಚುಕ್ಕೆಗಳನ್ನೇ. ಅದರ ಲೆಕ್ಕ ಬಿಡಿಸಿದ ಬ್ರಾಗ್ ಅಪ್ಪ ಮಗ ಇಬ್ಬರಿಗೂ 1915ರಲ್ಲಿ ನೊಬೆಲ್ ಬಂತು. ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬ ಹುಡುಗಿ ಈ ಓಢಣಿಯ ಪ್ರಯೋಗವನ್ನು ಮನೆಯ ಮಾಳಿಗೆ ಮೇಲೆ ತನ್ನ ಅಜ್ಜಿಗೆ ತೋರಿಸಿದಳಂತೆ. ನನಗೆ ತುಂಬಾ ಖುಷಿಯಾಯಿತು.

ಪ್ರೋಟೀನಿನ ಹರಳು ಬೆಳೆಸೋದು ಹೇಗೆ? ಕಲ್ಲುಸಕ್ಕರೆ ಥರಾನಾ?

ತತ್ವ ಅದೇ. ಕಲ್ಲುಸಕ್ಕರೆಗೆ ಗಟ್ಟಿ ಪಾಕ ಮಾಡಿ, ದಾರ ಇಳಿಬಿಟ್ಟು, ಅಲುಗಾಡಿಸದೆ ಇಡುತ್ತಾರೆ. ನೀರು ನಿಧಾನಕ್ಕೆ ಕಡಿಮೆಯಾದರೆ ದೊಡ್ಡ ಹರಳು ಬರುತ್ತದೆ, ಗಡಿಬಿಡಿ ಮಾಡಿದರೆ ಪುಡಿ. ಪ್ರೋಟೀನಿಗೂ ಹಾಗೇ. ಆದರೆ ನಮ್ಮ ಹತ್ತಿರ ಬಿಂದಿಗೆಗಟ್ಟಲೆ ಪಾಕ ಇರುವುದಿಲ್ಲ. ಒಂದು ಹನಿ ಇರುತ್ತದೆ.

ಕೈಯಲ್ಲಿ ಮಾಡುವ ಕೆಲಸ ಹೇಳುತ್ತೇನೆ. 24 ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟ್. ಪ್ರತಿ ಗುಳಿಯಲ್ಲಿ ಅರ್ಧ ಮಿಲಿಲೀಟರ್ ಉಪ್ಪಿನ ದ್ರಾವಣ. ಗುಳಿಯ ಅಂಚಿಗೆ ಸುತ್ತಲೂ ಗ್ರೀಸ್. ತೆಳು ಗಾಜಿನ ಕವರ್‌ಸ್ಲಿಪ್ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನ್, ಅದರ ಮೇಲೇ ಗುಳಿಯ ದ್ರಾವಣ ಒಂದು ಮೈಕ್ರೋಲೀಟರ್. ಪೈಪೆಟ್‌ನ ತುದಿಯಿಂದ ಗುಳ್ಳೆ ಏಳದ ಹಾಗೆ ಬಿಡಬೇಕು. ಆಮೇಲೆ ಕವರ್‌ಸ್ಲಿಪ್ಪನ್ನು ಚಿಮಟದಿಂದ ಎತ್ತಿ ಬೋರಲಾಗಿ ಗುಳಿಯ ಮೇಲೆ ಕೂರಿಸಿ ಮೆಲ್ಲಗೆ ಒತ್ತಬೇಕು. ಹನಿ ತಲೆಕೆಳಗಾಗಿ ನೇತಾಡುತ್ತದೆ, ಬೀಳುವುದಿಲ್ಲ. ಹನಿಯಲ್ಲಿ ಉಪ್ಪು ಅರ್ಧಕ್ಕೆ ಇಳಿದಿರುತ್ತದಲ್ವಾ, ಹಾಗಾಗಿ ಅದರ ನೀರು ಆವಿಯಾಗಿ ಕೆಳಗಿನ ದ್ರಾವಣಕ್ಕೆ ಹೋಗುತ್ತಾ ಹೋಗುತ್ತದೆ. ಹನಿ ಕುಗ್ಗುತ್ತದೆ, ಪ್ರೋಟೀನ್ ಗಟ್ಟಿಯಾಗುತ್ತದೆ, ಅದೃಷ್ಟ ಇದ್ದರೆ ಹರಳಾಗುತ್ತದೆ.

ಕಲಿಯುವವರಿಗೆ ತತ್ತಿಯ ಲೈಸೋಜೈಮ್‌ನಷ್ಟು ಒಳ್ಳೆ ಪ್ರೋಟೀನ್ ಬೇರೆ ಇಲ್ಲ. 129 ಅಮೈನೋ ಆಮ್ಲಗಳು, 14.3 ಕಿಲೋಡಾಲ್ಟನ್ ತೂಕ. ಒಂದು ಮಿಲಿಲೀಟರಿಗೆ 30ರಿಂದ 50 ಮಿಲಿಗ್ರಾಂ ಪ್ರೋಟೀನ್, ಪಿಎಚ್ 4.6ರ ಅಸಿಟೇಟ್ ಬಫರ್, ನೂರಕ್ಕೆ ಆರೆಂಟು ಪಾಲು ಅಡುಗೆ ಉಪ್ಪು, ಅಷ್ಟೇ. ಒಂದು ರಾತ್ರಿ ಕಳೆದು ಬೆಳಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಚು ಕೊರೆದಿಟ್ಟ ಹಾಗಿರುವ ಹರಳುಗಳು ಕಾಣುತ್ತವೆ. ಮೊದಲ ಸಲ ನೋಡಿದಾಗ ನಾನು ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ಇದೇ ಪ್ರೋಟೀನಿನ ಆಕಾರವನ್ನು ಡೇವಿಡ್ ಫಿಲಿಪ್ಸ್ ಅವರ ಗುಂಪು 1965ರಲ್ಲಿ ಕಂಡುಹಿಡಿಯಿತು. ಆಕಾರ ತಿಳಿದ ಮೊದಲ ಕಿಣ್ವ ಅದು.

ನಮ್ಮ ಊರಿನ ಬಿಸಿಲಿಗೆ ಹರಳು ಬರುತ್ತಾ?

ಬರುತ್ತದೆ, ಆದರೆ ರೂಮಿನ ಉಷ್ಣತೆ ಒಂದೇ ಸಮ ಇರಬೇಕು. ಬಿಸಿಲಿಗಿಂತ ಏರಿಳಿತದ ತೊಂದರೆ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಮಾಮೂಲು. ಹಗಲು ಎ.ಸಿ. ಹಾಕಿ ರಾತ್ರಿ ಆರಿಸಿದರೆ ಕವರ್‌ಸ್ಲಿಪ್ ಮೇಲೆ ನೀರು ಮೂಡುತ್ತದೆ, ಹನಿ ಉಬ್ಬುತ್ತದೆ, ಕುಗ್ಗುತ್ತದೆ, ಹುಟ್ಟಿದ ಹರಳು ಕರಗಿಹೋಗುತ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಮೂರು ದಿನ ರಜೆ ಇದ್ದಾಗ ಕರೆಂಟ್ ಹೋಗಿ, ಫ್ರೀಜರ್‌ನಲ್ಲಿ ಇಟ್ಟಿದ್ದ ನಾಲ್ಕು ತಿಂಗಳ ಪ್ರೋಟೀನ್ ಪೂರ್ತಿ ಹಾಳಾಯಿತು. ಅವತ್ತು ಅತ್ತಿದ್ದೆ. ಈಗ ಯಾರು ಕೇಳಿದರೂ ಮೊದಲು ಹೇಳುವುದು, ಪ್ರೋಟೀನನ್ನು ಸಣ್ಣ ಸಣ್ಣ ಪಾಲು ಮಾಡಿ ಎರಡು ಬೇರೆ ಕಡೆ ಇಡಿ. ಪ್ಲೇಟನ್ನು ಥರ್ಮಾಕೋಲ್ ಡಬ್ಬಿಯೊಳಗೆ ಮುಚ್ಚಿಟ್ಟು, ಕಿಟಕಿಯಿಂದ ದೂರ, ಗೋಡೆಗೆ ತಾಗದ ಹಾಗೆ ಇಡಿ.

ಹರಳು ಬಂತು! ಅದು ಪ್ರೋಟೀನೋ ಉಪ್ಪೋ ಅಂತ ತಿಳಿಯೋದು ಹೇಗೆ?

ತುಂಬಾ ಒಳ್ಳೆ ಪ್ರಶ್ನೆ. ಮೊದಲ ವರ್ಷ ಎಲ್ಲರೂ ಇಲ್ಲಿ ಎಡವುತ್ತಾರೆ. ಪ್ರೋಟೀನ್ ಹರಳಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಹಾಗಾಗಿ ಅದು ಮೆದು. ಸಣ್ಣ ಸೂಜಿಯಿಂದ ಒತ್ತಿದರೆ ಹಸಿ ಬೆಲ್ಲದ ಹಾಗೆ ಪುಡಿಯಾಗುತ್ತದೆ. ಉಪ್ಪಿನ ಹರಳು ಗಟ್ಟಿ, ಸೂಜಿಗೆ ಟಕ್ ಅಂತ ತಾಗುತ್ತದೆ. ಇನ್ನೊಂದು ದಾರಿ ನೀಲಿ ಬಣ್ಣದ ಒಂದು ಹನಿ ಹಾಕುವುದು. ಪ್ರೋಟೀನಿನ ಹರಳಿನಲ್ಲಿ ನೀರಿನ ಓಣಿಗಳಿರುತ್ತವೆ, ಅವುಗಳೊಳಗೆ ಬಣ್ಣ ಇಳಿದು ಹರಳೇ ನೀಲಿಯಾಗುತ್ತದೆ. ಉಪ್ಪಿನೊಳಗೆ ಬಣ್ಣ ಹೋಗುವುದಿಲ್ಲ. ಕೊನೆಯ ತೀರ್ಪು ಎಕ್ಸ್-ರೇಯದ್ದೇ. ಉಪ್ಪಾದರೆ ದೂರ ದೂರ ಕೆಲವೇ ಚುಕ್ಕೆ, ಪ್ರೋಟೀನಾದರೆ ಒತ್ತೊತ್ತಾಗಿ ನೂರಾರು ಚುಕ್ಕೆ. ಓಢಣಿ ಪ್ರಯೋಗ ನೆನಪಿದ್ದರೆ ಕಾರಣ ನಿಮಗೇ ಹೊಳೆಯುತ್ತದೆ.

ಈ ನೀರಿನ ವಿಷಯ ಸಣ್ಣದಲ್ಲ. 1934ರಲ್ಲಿ ಬರ್ನಾಲ್ ಮತ್ತು ಡೊರೋಥಿ ಕ್ರೋಫುಟ್ ಪೆಪ್ಸಿನ್ ಹರಳನ್ನು ಒಣಗಿಸದೆ, ಅದು ಬೆಳೆದ ದ್ರಾವಣದ ಜೊತೆಗೇ ಇಟ್ಟು ಎಕ್ಸ್-ರೇ ಹಿಡಿದ ಮೇಲೆಯೇ ಪ್ರೋಟೀನಿನಿಂದ ಒಳ್ಳೆ ಚುಕ್ಕೆಗಳು ಸಿಕ್ಕಿದ್ದು.

ಫೇಸ್ ಪ್ರಾಬ್ಲಮ್ ಅಂತ ಎಲ್ಲ ಪುಸ್ತಕದಲ್ಲೂ ಬರುತ್ತೆ. ಅರ್ಥವೇ ಆಗಲ್ಲ. ಸರಳವಾಗಿ ಹೇಳ್ತೀರಾ?

ಜಾತ್ರೆಯಲ್ಲಿ ಹತ್ತು ಡೊಳ್ಳು ಬಾರಿಸುತ್ತಿದ್ದಾರೆ ಅಂದುಕೊಳ್ಳಿ. ಪ್ರತಿ ಡೊಳ್ಳು ಎಷ್ಟು ಜೋರು ಅಂತ ಒಬ್ಬ ಬರೆದುಕೊಂಡ. ಯಾವ ಡೊಳ್ಳಿನ ಪೆಟ್ಟು ಯಾವ ಕ್ಷಣಕ್ಕೆ ಬಿತ್ತು ಅಂತ ಬರೆದುಕೊಳ್ಳಲಿಲ್ಲ. ಆ ಚೀಟಿ ನೋಡಿ ಅದೇ ತಾಳವನ್ನು ಮತ್ತೆ ಬಾರಿಸಲು ಆಗುವುದಿಲ್ಲ, ಅಲ್ವಾ? ನಮ್ಮ ಡಿಟೆಕ್ಟರ್ ಆ ಚೀಟಿ ಬರೆದವನ ಹಾಗೆ. ಪ್ರತಿ ಚುಕ್ಕೆ ಎಷ್ಟು ಪ್ರಕಾಶವಾಗಿದೆ ಅಂತ ಹೇಳುತ್ತದೆ, ಆ ಅಲೆಯ ಏರಿಳಿತ ಎಲ್ಲಿ ಶುರುವಾಯಿತು ಅನ್ನುವುದನ್ನು ಕಳೆದುಬಿಡುತ್ತದೆ. ಆ ಕಳೆದುಹೋದ ಸಂಗತಿಯೇ ಫೇಸ್.

ಮ್ಯಾಕ್ಸ್ ಪೆರುಟ್ಜ್ 1937ರಲ್ಲಿ ಹಿಮೋಗ್ಲೋಬಿನ್ ಹಿಡಿದುಕೊಂಡರು. ಆಕಾರದ ಮೊದಲ ಮಸುಕು ಚಿತ್ರ ಸಿಕ್ಕಿದ್ದು 1959ರಲ್ಲಿ. 22 ವರ್ಷ! ನಡುವೆ 1953ರಲ್ಲಿ ಅವರಿಗೆ ದಾರಿ ಸಿಕ್ಕಿತು. ಹರಳಿನೊಳಗೆ ಪಾದರಸದ ಪರಮಾಣು ಕೂರಿಸಿದರು. ಪಾದರಸ ಭಾರದ ಪರಮಾಣು, ಎಲೆಕ್ಟ್ರಾನ್ ಜಾಸ್ತಿ, ಕಿರಣವನ್ನು ಜೋರಾಗಿ ಚದುರಿಸುತ್ತದೆ. ಪಾದರಸ ಇದ್ದಾಗ, ಇಲ್ಲದಾಗ ಯಾವ ಚುಕ್ಕೆ ಎಷ್ಟು ಬದಲಾಯಿತು ಅಂತ ಹೋಲಿಸಿದರೆ ಫೇಸ್ ಲೆಕ್ಕ ಹಾಕಬಹುದು. ಇದೇ ದಾರಿಯಲ್ಲಿ ಜಾನ್ ಕೆಂಡ್ರೂ 1958ರಲ್ಲಿ ಸ್ನಾಯುಗಳಲ್ಲಿರುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನಿನ ಆಕಾರ ಕಂಡರು. ಪ್ರೋಟೀನಿನ ಒಳಗನ್ನು ಮನುಷ್ಯರು ನೋಡಿದ ಮೊದಲ ಸಲ ಅದು. ಇಬ್ಬರಿಗೂ 1962ರ ರಸಾಯನಶಾಸ್ತ್ರದ ನೊಬೆಲ್.

ಈಗ ಬಹಳಷ್ಟು ಜನ ಮಾಡುವುದು ಬೇರೆ. ಹೋಲಿಕೆ ಇರುವ ಪ್ರೋಟೀನಿನ ಆಕಾರ ಮೊದಲೇ ಗೊತ್ತಿದ್ದರೆ ಅದನ್ನು ತಿರುಗಿಸಿ, ಸರಿಸಿ, ನಮ್ಮ ಹರಳಿನ ಚುಕ್ಕೆಗಳಿಗೆ ಹೊಂದಿಸಿ ಫೇಸ್ ಎರವಲು ಪಡೆಯುತ್ತಾರೆ. ಇದಕ್ಕೆ ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್ ಅಂತ ಹೆಸರು.

2 ಆಂಗ್‌ಸ್ಟ್ರಮ್ ರೆಸಲ್ಯೂಷನ್ ಅಂದ್ರೆ ಒಳ್ಳೆದಾ ಕೆಟ್ಟದ್ದಾ?

ಒಳ್ಳೆಯದು. ಸಂಖ್ಯೆ ಸಣ್ಣದಾದಷ್ಟೂ ಸ್ಪಷ್ಟ. 6 ಆಂಗ್‌ಸ್ಟ್ರಮ್‌ನಲ್ಲಿ ಸುರುಳಿಗಳು ದಪ್ಪ ಕೋಲಿನ ಹಾಗೆ ಕಾಣುತ್ತವೆ. 3ರಲ್ಲಿ ಸರ ಹೋಗುವ ದಾರಿ ಹಿಡಿಯಬಹುದು. 2ರಲ್ಲಿ ಪಕ್ಕದ ಕವಲುಗಳೂ ನೀರಿನ ಅಣುಗಳೂ ಕಾಣುತ್ತವೆ. 1ರ ಹತ್ತಿರ ಬಂದರೆ ಒಂದೊಂದು ಪರಮಾಣು ಬೇರೆ ಬೇರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪುಸ್ತಕದಲ್ಲಿ ಕಾಣುವ ಬಣ್ಣ ಬಣ್ಣದ ರಿಬ್ಬನ್ ಚಿತ್ರ ಪ್ರಯೋಗದಿಂದ ನೇರವಾಗಿ ಬಂದದ್ದಲ್ಲ. ಪ್ರಯೋಗ ಕೊಡುವುದು ಎಲೆಕ್ಟ್ರಾನ್‌ಗಳು ಎಲ್ಲಿ ಒತ್ತಾಗಿವೆ ಅನ್ನುವ ಡೆನ್ಸಿಟಿ ಮ್ಯಾಪ್. ಅದರೊಳಗೆ ಒಬ್ಬ ಮನುಷ್ಯ ಕೂತು ಸರವನ್ನು ಹೊಂದಿಸುತ್ತಾನೆ. ಹೊಂದಿಸುವಾಗ ತಪ್ಪಾಗಬಹುದು, ಆಸೆ ಕಣ್ಣು ಕಟ್ಟಬಹುದು. ಅದಕ್ಕೇ 1992ರಲ್ಲಿ ಬ್ರುಂಗರ್ ಆರ್-ಫ್ರೀ ಅನ್ನುವ ಅಳತೆ ತಂದರು. ಚುಕ್ಕೆಗಳಲ್ಲಿ ನೂರಕ್ಕೆ ಐದರಷ್ಟನ್ನು ಮೊದಲೇ ಪಕ್ಕಕ್ಕಿಟ್ಟು, ಮಾಡೆಲ್ ಕಟ್ಟುವಾಗ ಮುಟ್ಟದೆ, ಕೊನೆಗೆ ಅವುಗಳ ಮೇಲೆ ಪರೀಕ್ಷೆ ಮಾಡುವುದು. ಗೈಡ್ ಬಾಯಿಪಾಠ ಮಾಡಿದ ಹುಡುಗನಿಗೆ ಹೊಸ ಲೆಕ್ಕ ಕೊಟ್ಟು ನೋಡುವ ಹಾಗೆ. ಇನ್ನೊಂದು ಪರೀಕ್ಷೆ ನಮ್ಮ ದೇಶದ್ದು. ಜಿ.ಎನ್. ರಾಮಚಂದ್ರನ್ ಮದ್ರಾಸಿನಲ್ಲಿ ಸಂಗಡಿಗರ ಜೊತೆ 1963ರಲ್ಲಿ ಪ್ರಕಟಿಸಿದ ನಕ್ಷೆ. ಸರ ಯಾವ ಕೋನದಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಿದರೆ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಅಂತ ಅದು ತೋರಿಸುತ್ತದೆ. ಇವತ್ತು ಜಗತ್ತಿನ ಯಾವ ಲ್ಯಾಬಿನಲ್ಲಿ ಹೊಸ ಆಕಾರ ಕಂಡುಹಿಡಿದರೂ ರಾಮಚಂದ್ರನ್ ನಕ್ಷೆಯಲ್ಲಿ ಇಟ್ಟು ನೋಡುತ್ತಾರೆ. ಅವರು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ವಿಷಯಕ್ಕೇ ಒಂದು ವಿಭಾಗ ಕಟ್ಟಿದರು.

ಎನ್‌ಎಂಆರ್ ಯಾವಾಗ ಬೇಕಾಗುತ್ತೆ?

ಎನ್‌ಎಂಆರ್ ಅಂದರೆ ಅಯಸ್ಕಾಂತ, ರೇಡಿಯೋ ಅಲೆಗಳಿಂದ ಆಕಾರ ತಿಳಿಯುವ ಇನ್ನೊಂದು ದಾರಿ. ಹರಳು ಬಾರದಿದ್ದಾಗ, ಪ್ರೋಟೀನ್ ಚಿಕ್ಕದಿದ್ದಾಗ, ಅದು ಅಲುಗಾಡುವ ಬಗೆ ತಿಳಿಯಬೇಕಾದಾಗ. ಪ್ರೋಟೀನ್ ನೀರಿನಲ್ಲೇ ಇರುತ್ತದೆ. ಬಲವಾದ ಅಯಸ್ಕಾಂತದೊಳಗೆ ಇಟ್ಟು ರೇಡಿಯೋ ಅಲೆ ಕೊಟ್ಟರೆ ಹೈಡ್ರೋಜನ್‌ನಂಥ ಪರಮಾಣುಗಳ ಬೀಜಗಳು ತಮ್ಮ ತಮ್ಮ ದನಿಯಲ್ಲಿ ಉತ್ತರ ಕೊಡುತ್ತವೆ. 5 ಆಂಗ್‌ಸ್ಟ್ರಮ್ ಒಳಗಿರುವ ಎರಡು ಹೈಡ್ರೋಜನ್‌ಗಳು ಒಂದನ್ನೊಂದು ಗುರುತಿಸುತ್ತವೆ. ಇಂಥ ನೂರಾರು, ಸಾವಿರಾರು ಹತ್ತಿರದ ಜೋಡಿಗಳನ್ನು ಪಟ್ಟಿ ಮಾಡಿ, ಎಲ್ಲಕ್ಕೂ ಒಪ್ಪುವ ಆಕಾರ ಹುಡುಕುತ್ತಾರೆ. ಒಂದೇ ಉತ್ತರ ಬರುವುದಿಲ್ಲ, ಸುಮಾರು 20 ಮಾಡೆಲ್‌ಗಳ ಕಂತೆ ಕೊಡುವುದು ವಾಡಿಕೆ. ಕುರ್ಟ್ ವುಟ್ರಿಚ್ ಅವರಿಗೆ 2002ರಲ್ಲಿ ನೊಬೆಲ್ ಬಂದದ್ದು ಈ ದಾರಿ ಹಾಕಿದ್ದಕ್ಕೆ. 25-30 ಕಿಲೋಡಾಲ್ಟನ್ ದಾಟಿದರೆ ಕೆಲಸ ಕಷ್ಟವಾಗುತ್ತದೆ. ನೈಟ್ರೋಜನ್-15, ಕಾರ್ಬನ್-13 ಇರುವ ಆಹಾರ ಕೊಟ್ಟು ಬೆಳೆಸಿದ ಬ್ಯಾಕ್ಟೀರಿಯಾದಿಂದ ಪ್ರೋಟೀನ್ ತೆಗೆಯಬೇಕು, ಅದು ದುಬಾರಿ.

ಈಗ ಎಲ್ಲರೂ ಕ್ರಯೋ-ಇಎಂ ಅಂತಾರೆ. ಅದೇನು?

ತುಂಬಾ ತಣ್ಣಗೆ ಮಾಡಿದ ಪ್ರೋಟೀನನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವ ವಿದ್ಯೆ. ಎಲೆಕ್ಟ್ರಾನ್‌ಗಳಿಗೆ ಲೆನ್ಸ್ ಇದೆ, ಹಾಗಾಗಿ ನೇರ ಚಿತ್ರ ತೆಗೆಯಬಹುದು. ಎರಡು ತೊಂದರೆ ಇದ್ದವು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನೊಳಗೆ ಗಾಳಿ ಇರುವುದಿಲ್ಲ, ನೀರು ಆವಿಯಾಗಿ ಹೋಗುತ್ತದೆ. ನೀರನ್ನು ಹೆಪ್ಪುಗಟ್ಟಿಸಿದರೆ ಮಂಜಿನ ಹರಳುಗಳು ಎದ್ದು ಚಿತ್ರ ಹಾಳು. ಜಾಕ್ ದುಬೋಶೆ 1980ರ ದಶಕದ ಶುರುವಿನಲ್ಲಿ ದಾರಿ ಕಂಡುಕೊಂಡರು. ಮೂರು ಮಿಲಿಮೀಟರ್ ಅಗಲದ ಜಾಲರಿಯ ಮೇಲೆ ಪ್ರೋಟೀನಿನ ಹನಿ ಹಾಕಿ, ಬ್ಲಾಟಿಂಗ್ ಪೇಪರಿನಿಂದ ಒತ್ತಿ ತೆಳು ಪದರ ಉಳಿಸಿ, ಸುಮಾರು ಮೈನಸ್ 180 ಡಿಗ್ರಿಯ ದ್ರವ ಈಥೇನ್‌ಗೆ ಥಟ್ಟನೆ ಮುಳುಗಿಸುವುದು. ನೀರಿಗೆ ಹರಳಾಗಲು ಸಮಯವೇ ಸಿಗುವುದಿಲ್ಲ, ಗಾಜಿನ ಹಾಗೆ ನಿಂತುಬಿಡುತ್ತದೆ. ಆಮೇಲೆ ಲಕ್ಷಾಂತರ ಅಣುಗಳ ಮಸುಕು ಚಿತ್ರ ತೆಗೆದು, ಒಂದೇ ದಿಕ್ಕಿಗೆ ಕಾಣುವವನ್ನು ಗುಂಪು ಮಾಡಿ, ಸರಾಸರಿ ತೆಗೆದು, ಮೂರು ಆಯಾಮದಲ್ಲಿ ಕೂಡಿಸುತ್ತಾರೆ. ಈ ಕೂಡಿಸುವ ಲೆಕ್ಕ ಹಾಕಿದವರು ಯೋಆಕಿಮ್ ಫ್ರಾಂಕ್. 1990ರಲ್ಲಿ ಒಂದು ಪ್ರೋಟೀನನ್ನು ಪರಮಾಣು ಮಟ್ಟದವರೆಗೆ ತಂದು ತೋರಿಸಿದವರು ರಿಚರ್ಡ್ ಹೆಂಡರ್ಸನ್. ಮೂವರಿಗೂ 2017ರ ನೊಬೆಲ್.

2013ರ ಸುಮಾರಿಗೆ ಎಲೆಕ್ಟ್ರಾನ್‌ಗಳನ್ನು ನೇರವಾಗಿ ಎಣಿಸುವ ಕ್ಯಾಮೆರಾ ಬಂದ ಮೇಲೆ ಈ ವಿದ್ಯೆಗೆ ದಿಢೀರ್ ಬಲ ಬಂತು. ಕೊರೊನಾ ಕಾಲ ನೆನಪಿಸಿಕೊಳ್ಳಿ. ವೈರಸ್ಸಿನ ಅನುಕ್ರಮ ಹೊರಬಂದದ್ದು 2020ರ ಜನವರಿಯಲ್ಲಿ. ಅದರ ಸ್ಪೈಕ್ ಪ್ರೋಟೀನಿನ ಆಕಾರ ಕ್ರಯೋ-ಇಎಂನಲ್ಲಿ ಸಿಕ್ಕು ಪ್ರಕಟವಾದದ್ದು ಫೆಬ್ರುವರಿಯಲ್ಲೇ.

ಹರಳು, ಎನ್‌ಎಂಆರ್, ಕ್ರಯೋ-ಇಎಂ, ಈ ಮೂರರಲ್ಲಿ ಯಾವುದು ಕಲಿಯಲಿ?

ನಿಮ್ಮ ಪ್ರೋಟೀನ್ ಯಾವುದನ್ನು ಕೇಳುತ್ತದೋ ಅದು. ಇನ್ನೂ ಪ್ರೋಟೀನೇ ಗೊತ್ತಿಲ್ಲದಿದ್ದರೆ ಪ್ರೋಟೀನ್ ಶುದ್ಧಿ ಮಾಡುವುದನ್ನು ಕಲಿಯಿರಿ. ಮೂರಕ್ಕೂ ಅದು ಬೇಕು.

ಆಲ್ಫಾಫೋಲ್ಡ್ ಬಂದ ಮೇಲೆ ಇದನ್ನೆಲ್ಲ ಕಲಿಯೋದು ದಂಡ ಅಲ್ವಾ ಸರ್?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ದಂಡ ಅಲ್ಲ. ಸರದ ಪಟ್ಟಿ ನೋಡಿ ಆಕಾರ ಊಹಿಸುವ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಫೋಲ್ಡ್ ನಿಜಕ್ಕೂ ದೊಡ್ಡ ಕೆಲಸ. ನಾನು ದಿನಾ ಬಳಸುತ್ತೇನೆ. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹೆಯನ್ನು ಉಚಿತವಾಗಿ ಇಟ್ಟರು, ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಆದರೆ ಅದು ಕಲಿತದ್ದು ಎಲ್ಲಿಂದ? ಪ್ರಯೋಗ ಮಾಡಿದವರು ಪಿಡಿಬಿ ಅನ್ನುವ ಕಣಜದಲ್ಲಿ ಕೂಡಿಟ್ಟ ಆಕಾರಗಳಿಂದ. 1971ರಲ್ಲಿ ಆ ಕಣಜ ಶುರುವಾದಾಗ ಅದರಲ್ಲಿದ್ದದ್ದು ಏಳು ಆಕಾರ. ಈಗ ಎರಡು ಲಕ್ಷ ದಾಟಿದೆ. ಒಂದೊಂದರ ಹಿಂದೆಯೂ ಯಾರದೋ ವರ್ಷಗಳಿವೆ.

ಊಹೆ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಆಲ್ಫಾಫೋಲ್ಡ್ ತಾನೇ ಬಣ್ಣದಲ್ಲಿ ಹೇಳುತ್ತದೆ. ನೂರಕ್ಕೆ 90ರ ಮೇಲಿದ್ದರೆ ನಂಬಬಹುದು, 50ರ ಕೆಳಗಿನ ಕಿತ್ತಳೆ ಬಣ್ಣದ ತುಂಡನ್ನು ನಂಬಬೇಡಿ. ಔಷಧದ ಅಣು ನಿಜಕ್ಕೂ ಅಲ್ಲೇ ಕೂತಿದೆಯೇ, ಒಂದು ಮಣಿ ಬದಲಾದರೆ ಏನಾಗುತ್ತದೆ, ಪ್ರೋಟೀನ್ ಬಾಗಿಲು ತೆರೆದಾಗ ಹೇಗೆ, ಮುಚ್ಚಿದಾಗ ಹೇಗೆ? ಇವಕ್ಕೆ ಇವತ್ತಿಗೂ ಪ್ರಯೋಗದ ಸಾಕ್ಷಿ ಬೇಕು. ಅದಲ್ಲದೆ ಆ ಊಹೆಯನ್ನೇ ಮೊದಲ ಮಾಡೆಲ್ ಆಗಿ ಹಿಡಿದು ಫೇಸ್ ಸಮಸ್ಯೆ ಬಿಡಿಸುವುದು ಈಗ ಮಾಮೂಲು. ಪೆರುಟ್ಜ್ 22 ವರ್ಷ ಕಾದ ಜಾಗವನ್ನು ನೀವು ಒಂದು ಮಧ್ಯಾಹ್ನದಲ್ಲಿ ದಾಟಬಹುದು.

ಆನ್‌ಲೈನ್ ಕೋರ್ಸ್‌ನಲ್ಲಿ ಡಾಕಿಂಗ್ ಕಲಿತಿದ್ದೇನೆ. ಅದೇ ಇದಾ?

ಅಲ್ಲ. ಡಾಕಿಂಗ್ ಅಂದರೆ ಯಾರೋ ಕಂಡುಹಿಡಿದ ಆಕಾರದೊಳಗೆ ಒಂದು ಸಣ್ಣ ಅಣು ಹೇಗೆ ಕೂರಬಹುದು ಅಂತ ಕಂಪ್ಯೂಟರಿನಲ್ಲಿ ಊಹಿಸುವುದು. ಉಪಯೋಗ ಇದೆ, ಆದರೆ ಅದು ಆಕಾರ ಕಂಡುಹಿಡಿಯುವ ಪ್ರಯೋಗ ಅಲ್ಲ. ಹೋದ ವರ್ಷ ನಮ್ಮ ಗುಂಪಿನ ಇಬ್ಬರು ಹುಡುಗರು ಒಂದು ಕೋರ್ಸಿಗೆ ಸಾವಿರಾರು ರೂಪಾಯಿ ಕಟ್ಟಿದರು. ಪ್ರೋಟೀನ್ ರಚನೆ ನಿರ್ಧರಿಸುವ ತರಬೇತಿ ಅಂತ ಹೇಳಿ ಎರಡು ದಿನ ಡಾಕಿಂಗ್ ತೋರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಮನೆಯವರು ಕಷ್ಟಪಟ್ಟು ಕೊಟ್ಟ ದುಡ್ಡು, ನನಗೆ ಬಹಳ ಬೇಜಾರಾಯಿತು. ದುಡ್ಡು ಕಟ್ಟುವ ಮೊದಲು ಒಂದೇ ಮಾತು ಕೇಳಿ: ನಾನು ಕೈಯಾರೆ ಹರಳು ಬೆಳೆಸುತ್ತೇನಾ, ಡೇಟಾ ನಾನೇ ಪ್ರೊಸೆಸ್ ಮಾಡುತ್ತೇನಾ?

ಕಲಬುರಗಿಯಲ್ಲೇ ಕೂತು, ದುಡ್ಡು ಖರ್ಚಿಲ್ಲದೆ ಏನು ಶುರು ಮಾಡಬಹುದು?

ತುಂಬಾ ಇದೆ. ಪಿಡಿಬಿ ಪೂರ್ತಿ ಉಚಿತ. ಆಕಾರ ತೆರೆದು ನೋಡುವ ಪ್ರೋಗ್ರಾಂ ಕೈಮೆರಾಎಕ್ಸ್ ವಿದ್ಯಾರ್ಥಿಗಳಿಗೆ ಉಚಿತ, ಮ್ಯಾಪಿನೊಳಗೆ ಮಾಡೆಲ್ ಹೊಂದಿಸುವ ಕೂಟ್ ಕೂಡ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ನಾನು ಮಕ್ಕಳಿಗೆ ಮೊದಲು ಕೊಡುವುದು ತೊಗರಿ. ನಮ್ಮ ಗಂಜ್‌ಗೆ ಮೂಟೆ ಮೂಟೆ ಬರುತ್ತದಲ್ಲ, ಅದೇ ತೊಗರಿ. ಅದರಲ್ಲಿ ಯೂರಿಯೇಸ್ ಅನ್ನುವ ಕಿಣ್ವ ಇದೆ, ಯೂರಿಯಾವನ್ನು ಒಡೆಯುತ್ತದೆ. ಅದರ ಹರಳಿನ ರಚನೆಯನ್ನು ಮದ್ರಾಸ್ ವಿಶ್ವವಿದ್ಯಾಲಯದವರು ಕಂಡುಹಿಡಿದು ಪಿಡಿಬಿಯಲ್ಲಿ ಇಟ್ಟಿದ್ದಾರೆ. ತೆರೆದು ನೋಡಿದರೆ ಒಳಗೆ ಎರಡು ನಿಕಲ್ ಪರಮಾಣುಗಳು ಪಕ್ಕ ಪಕ್ಕ ಕೂತಿರುವುದು ಕಾಣುತ್ತದೆ. ಹಂಚಿನ ಮೇಲೆ ಹುರಿದು, ಕುಕ್ಕರಿನಲ್ಲಿ ಬೇಯಿಸಿ ದಿನಾ ಉಣ್ಣುವ ಕಾಳಿನೊಳಗೆ ನಿಕಲ್! ಯೂರಿಯೇಸ್‌ಗೆ ಇನ್ನೊಂದು ಕತೆಯೂ ಇದೆ. ಜಗತ್ತಿನಲ್ಲಿ ಮೊದಲು ಹರಳಾಗಿ ಸಿಕ್ಕ ಕಿಣ್ವ ಅದೇ. 1926ರಲ್ಲಿ ಜೇಮ್ಸ್ ಸಮ್ನರ್ ಜಾಕ್ ಬೀನ್ ಅನ್ನುವ ಅವರೆ ಜಾತಿಯ ಕಾಳಿನಿಂದ ತೆಗೆದರು. ಅವರಿಗೆ ಇದ್ದದ್ದು ಒಂದೇ ಕೈ. ಕಿಣ್ವ ಅಂದರೆ ಪ್ರೋಟೀನ್ ಅಂತ ಅವರು ಹೇಳಿದಾಗ ದೊಡ್ಡ ದೊಡ್ಡವರು ಒಪ್ಪಲಿಲ್ಲ. ನೊಬೆಲ್ ಬಂದದ್ದು 1946ರಲ್ಲಿ. ಆ ಕಾಳಿನ ಯೂರಿಯೇಸ್ ಆಕಾರ ಪ್ರಕಟವಾದದ್ದು 2010ರಲ್ಲಿ, ಅದನ್ನು ಮಾಡಿದವರೂ ಮದ್ರಾಸ್ ವಿಶ್ವವಿದ್ಯಾಲಯದವರೇ.

ತೊಗರಿ ಆದ ಮೇಲೆ ಶೇಂಗಾ. ಅದರಲ್ಲಿ ಸಕ್ಕರೆ ಅಣುಗಳಿಗೆ ಅಂಟುವ ಲೆಕ್ಟಿನ್ ಅನ್ನುವ ಪ್ರೋಟೀನ್ ಇದೆ. ಶೇಂಗಾ ಲೆಕ್ಟಿನ್ ಆಕಾರ 1994ರಲ್ಲಿ ಬೆಂಗಳೂರಿನ ಎಂ. ವಿಜಯನ್ ಅವರ ಗುಂಪಿನಿಂದ ಬಂತು. ನಾಲ್ಕು ಒಂದೇ ಥರದ ತುಂಡುಗಳು ಸೇರಿವೆ, ಆದರೆ ನಾಲ್ಕು ಸಮ ತುಂಡು ಸೇರಿದಾಗ ಬರಬೇಕಾದ ಸಮ್ಮಿತಿ ಇಲ್ಲ. ತಿರುಗಿಸಿ ತಿರುಗಿಸಿ ನೋಡಿ, ವಿಚಿತ್ರ ಅನ್ನಿಸುತ್ತದೆ. ವಿಜಯನ್ ಅವರು 1969ರಲ್ಲಿ ಇನ್ಸುಲಿನ್ ಆಕಾರ ಕಂಡ ಡೊರೋಥಿ ಹಾಡ್ಜ್‌ಕಿನ್ ತಂಡದಲ್ಲಿ ಇದ್ದವರು, ಮರಳಿ ಬಂದು ಇಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು.

ಬರೀ ರಿಬ್ಬನ್ ನೋಡಿ ಬಿಡಬೇಡಿ. ಕೂಟ್‌ನಲ್ಲಿ ಡೆನ್ಸಿಟಿ ಮ್ಯಾಪ್ ಇಳಿಸಿಕೊಂಡು, ಒಂದೊಂದು ಅಮೈನೋ ಆಮ್ಲವೂ ಆ ನೀಲಿ ಬಲೆಯೊಳಗೆ ಕೂತಿದೆಯೇ ಅಂತ ನೋಡುತ್ತಾ ಹೋಗಿ. ಒಂದು ಕಡೆ ಬಲೆಯೇ ಇರುವುದಿಲ್ಲ, ಮಾಡೆಲ್ ಮಾತ್ರ ಇರುತ್ತದೆ. ಅಲ್ಲಿ ನಿಂತು ಯಾಕೆ ಅಂತ ಕೇಳಿಕೊಳ್ಳಿ.

ಮುಂದೆ ಎಲ್ಲಿ ಓದಬೇಕು? ಯಾವ ಪರೀಕ್ಷೆ?

ಇಲ್ಲೇ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕೇಂದ್ರೀಯಕ್ಕೆ ಸಿಯುಇಟಿ-ಪಿಜಿ ಬರೆಯಬೇಕು. ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ದಾರಿಗೆ ಜಾಮ್ ಪರೀಕ್ಷೆ. ಪಿಎಚ್.ಡಿ.ಗೆ ಸಿಎಸ್‌ಐಆರ್ ನೆಟ್, ಗೇಟ್, ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ಗೆ ಬೇರೆ ಪರೀಕ್ಷೆ. ಬೆಂಗಳೂರಿನಲ್ಲಿ ಕ್ರಯೋ-ಇಎಂನ ರಾಷ್ಟ್ರೀಯ ಕೇಂದ್ರ ಎನ್‌ಸಿಬಿಎಸ್ ಆವರಣದಲ್ಲಿದೆ. ನಮಗೆ ಹತ್ತಿರ ಹೈದರಾಬಾದ್, ಅಲ್ಲಿ ಜೀವಕೋಶ, ಅಣುಗಳ ಸಂಶೋಧನೆ ಮಾಡುವ ಸಿಸಿಎಂಬಿ ಇದೆ, ಹೈದರಾಬಾದ್ ವಿಶ್ವವಿದ್ಯಾಲಯ ಇದೆ. ದೇಶದೊಳಗೇ ಸಿಂಕ್ರೊಟ್ರಾನ್ ಅನ್ನುವ ದೊಡ್ಡ ಯಂತ್ರದ ಪ್ರಖರ ಎಕ್ಸ್-ರೇ ಬೇಕೆಂದರೆ ಇಂದೋರಿನ ಇಂಡಸ್-2.

ಎಲ್ಲಕ್ಕಿಂತ ಮೊದಲು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ಒಳ್ಳೆ ಲ್ಯಾಬಿನಲ್ಲಿ ಕೂತರೆ ಇದು ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ನಾನು ಬಯಾಲಜಿ. ಗಣಿತ ಬಿಟ್ಟು ಮೂರು ವರ್ಷ ಆಯ್ತು. ಆಗುತ್ತಾ?

ಆಗುತ್ತದೆ. ಸೈನ್, ಕೊಸೈನ್ ಅಲೆ, ವೆಕ್ಟರ್, ಸಂಕೀರ್ಣ ಸಂಖ್ಯೆ, ಆಮೇಲೆ ಅಲೆಗಳನ್ನು ಬಿಡಿಸಿ ಕೂಡಿಸುವ ಫೂರಿಯೇ ಲೆಕ್ಕ. ಈ ನಾಲ್ಕನ್ನು ಪಿಯುಸಿ ಪುಸ್ತಕದಿಂದ ಶುರುಮಾಡಿ, ದಿನಕ್ಕೆ ಒಂದು ಗಂಟೆ, ಆರು ತಿಂಗಳು. ಕನ್ನಡ ಮಾಧ್ಯಮದವರು ಇಂಗ್ಲಿಷ್ ಪುಸ್ತಕ ಕಂಡು ಹಿಂಜರಿಯುತ್ತಾರೆ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವನು. ಪ್ರತಿ ಪುಟ ಓದಿದ ಮೇಲೆ ತಿಳಿದಿದ್ದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯುತ್ತಿದ್ದೆ. ಬರೆಯಲು ಬರದಿದ್ದರೆ ಇನ್ನೊಮ್ಮೆ ಓದುತ್ತಿದ್ದೆ.

ನಮ್ಮ ಮಗಳು ಇದನ್ನೇ ಓದ್ತೀನಿ ಅಂತಾಳ್ರೀ. ಮುಂದೆ ನೌಕರಿ ಸಿಗುತ್ತದೇನು?

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ದಾರಿ ಉದ್ದ. ಎಂ.ಎಸ್ಸಿ. ಎರಡು ವರ್ಷ, ಪಿಎಚ್.ಡಿ. ಐದಾರು ವರ್ಷ. ಪಿಎಚ್.ಡಿ. ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆ ಮೇಲೆ ಭಾರ ಇರುವುದಿಲ್ಲ. ಆಮೇಲೆ ಬೆಂಗಳೂರು, ಹೈದರಾಬಾದಿನ ಔಷಧ ಸಂಶೋಧನೆಯ ಕಂಪನಿಗಳಲ್ಲಿ ಕೆಲಸ ಇದೆ, ಪಾಠ ಮಾಡುವ ಕೆಲಸ ಇದೆ, ಹೊರದೇಶದ ಲ್ಯಾಬುಗಳಿವೆ. ಸಂಖ್ಯೆ ದೊಡ್ಡದಲ್ಲ. ಆದರೆ ಪ್ರೋಟೀನ್ ಶುದ್ಧಿ ಮಾಡಲು ಕೈ ಪಳಗಿದವರನ್ನು ಲ್ಯಾಬಿನವರು ಹುಡುಕುತ್ತಲೇ ಇರುತ್ತಾರೆ. ಮದುವೆ ಮಾತು ತಂದು ನಡುವೆ ನಿಲ್ಲಿಸಬೇಡಿ ಅಂತ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ.

ಎಕ್ಸ್-ರೇ ಹತ್ತಿರ ಕೆಲಸ ಮಾಡಿದ್ರೆ ಅಪಾಯ ಇಲ್ವಾ?

ಯಂತ್ರ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತದೆ. ಬಾಗಿಲು ತೆಗೆದರೆ ಕಿರಣ ತಾನೇ ನಿಲ್ಲುತ್ತದೆ. ಮೈಗೆ ಬಿದ್ದ ಕಿರಣ ಅಳೆಯುವ ಬ್ಯಾಡ್ಜ್ ಹಾಕಿಕೊಳ್ಳಿ, ನಿಯಮ ಮೀರಬೇಡಿ.

ಆರು ತಿಂಗಳಾಯ್ತು, ಒಂದು ಹರಳೂ ಬಂದಿಲ್ಲ. ಬಿಟ್ಟುಬಿಡಲಾ?

ಬಿಡುವ ಮೊದಲು ನಾಲ್ಕು ಕಡೆ ನೋಡಿ. ಪ್ರೋಟೀನ್ ನಿಜಕ್ಕೂ ಶುದ್ಧವೇ? ಜೆಲ್ ಮೇಲೆ ಒಂದೇ ಗೆರೆ ಬಂದರೆ ಸಾಲದು, ಅದು ಗುಂಪುಗಟ್ಟುತ್ತಿದೆಯೇ ನೋಡಬೇಕು. ಸರದ ತುದಿಯಲ್ಲಿ ಸಡಿಲವಾಗಿ ಅಲುಗಾಡುವ ಬಾಲ ಇದೆಯೇ? ಆಲ್ಫಾಫೋಲ್ಡ್‌ನ ಕಿತ್ತಳೆ ಬಣ್ಣ ನೋಡಿ ಆ ಬಾಲ ಕತ್ತರಿಸಿದ ಪ್ರೋಟೀನ್ ಮಾಡಿ. ಅದು ಕೂಡಿಕೊಳ್ಳುವ ಅಣು ಯಾವುದಾದರೂ ಇದ್ದರೆ ಜೊತೆಗೆ ಹಾಕಿ, ಮೈ ಬಿಗಿಯಾಗುತ್ತದೆ. ಅದೂ ಆಗದಿದ್ದರೆ ಪ್ರಾಣಿಯನ್ನೇ ಬದಲಾಯಿಸಿ. ಕೆಂಡ್ರೂ ಮಯೋಗ್ಲೋಬಿನ್‌ಗೆ ಕುದುರೆಯಿಂದ ಶುರುಮಾಡಿ ಕೊನೆಗೆ ತಿಮಿಂಗಿಲಕ್ಕೆ ಹೋದರು, ಅದರ ಹರಳು ದೊಡ್ಡದಾಗಿ ಬಂತು.

ಮತ್ತೆ ಹಳೆ ಪ್ಲೇಟ್ ಎಸೆಯಬೇಡಿ. ನಮ್ಮ ಲ್ಯಾಬಿನಲ್ಲಿ ಖಾಲಿ ಅಂತ ಬರೆದು ಮೂಲೆಗೆ ಸರಿಸಿದ್ದ ಒಂದು ಪ್ಲೇಟನ್ನು ನಾನು ಮೂರು ತಿಂಗಳ ಮೇಲೆ ತೊಳೆಯಲು ತೆಗೆದುಕೊಂಡೆ. ತೊಳೆಯುವ ಮೊದಲು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಸಿ ಸಾಲಿನ ಐದನೇ ಗುಳಿಯಲ್ಲಿ, ಒಣಗಿದ ಹನಿಯ ಅಂಚಿಗೆ ಸಣ್ಣ ಸೂಜಿಗಳ ಒಂದು ಗೊಂಚಲು. ಅದನ್ನೇ ಪುಡಿಮಾಡಿ, ಕೂದಲಿನ ತುದಿಗೆ ಹಚ್ಚಿ, ಹೊಸ ಹನಿಯಲ್ಲಿ ಗೆರೆ ಎಳೆದೆ. ನಾಲ್ಕನೇ ದಿನ ಆ ಗೆರೆಯ ಉದ್ದಕ್ಕೂ ಹರಳುಗಳು ಸಾಲಾಗಿ ಎದ್ದಿದ್ದವು.